ನೊಗ ಹೊತ್ತ ಹರಿಗೋಲು

ಇಲಾಖೆಗೆ ಹೊಸದಾಗಿ ಸೇರಿದ ನಕ್ಷೆಗಾರ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾರೆ, ಬಡ್ತಿ ಹೇಗೆ ಸಿಗುತ್ತದೆ ಎಂದು ಕೇಳುತ್ತಾರೆ. ನನಗೆ ಬಡ್ತಿ ಹೇಗೆ ಸಿಕ್ಕಿತು ಎನ್ನುವುದು ನನಗೇ ಸರಿಯಾಗಿ ತಿಳಿಯದು, ಹಾಗಾಗಿ ಆ ಸುದ್ದಿಗೆ ಇಲ್ಲಿ ಹೋಗುವುದಿಲ್ಲ. ನಾನು ಬರೆಯಲು ಕೂತಿರುವುದು ದೋಣಿಗಳ ವಿಷಯ. ಚಾಮರಾಜನಗರದ ಸೀಮೆಯಲ್ಲಿ ದೋಣಿಯೇ ಎಂದು ನಗುವವರು ಈಗಲೇ ನಕ್ಕು ಮುಗಿಸಲಿ. ನಾವೂ ಆಗ ಹಾಗೇ ನಕ್ಕವರು.

ನಾನು ಉಮ್ಮತ್ತೂರಿನ ಬೇಸಾಯದ ಮನೆಯವನು. ಐವತ್ತರ ದಶಕದ ಮೊದಲಲ್ಲಿ ಚಾಮರಾಜನಗರದ ಸಬ್ ಡಿವಿಷನ್ ಕಚೇರಿಗೆ ಟ್ರೇಸರ್ ಆಗಿ ಸೇರಿದೆ. ಟ್ರೇಸರ್ ಎಂದರೆ ಬೇರೆಯವರು ಬರೆದ ನಕ್ಷೆಯ ಮೇಲೆ ಗಂಜಿ ಹಾಕಿದ ತೆಳು ಬಟ್ಟೆ ಹಾಸಿ, ಕಪ್ಪು ಮಸಿಯಲ್ಲಿ ಗೆರೆಯ ಮೇಲೆ ಗೆರೆ ಎಳೆಯುವವನು. ಆಮೇಲೆ ಅದನ್ನು ಗಾಜಿನ ಚೌಕಟ್ಟಿಗೆ ಹಾಕಿ ಅಂಗಳದ ಬಿಸಿಲಿಗೆ ಹಿಡಿದರೆ ನೀಲಿ ನಕ್ಷೆ ಇಳಿಯುತ್ತಿತ್ತು. ಮೋಡ ಕವಿದ ದಿನ ಸರ್ಕಾರಿ ಕೆಲಸ ತಾನಾಗಿ ನಿಂತುಹೋಗುತ್ತಿತ್ತು, ಅದಕ್ಕೆ ಯಾರೂ ಮೆಮೊ ಕೊಡುತ್ತಿರಲಿಲ್ಲ. ಗೆರೆ ತಪ್ಪಿದ ಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸಿದರೆ ಗಂಜಿ ಬಿಟ್ಟು ಮಲ್ಲಿನಂಥ ನಯವಾದ ಬಟ್ಟೆ ಸಿಗುತ್ತಿತ್ತು. ಯಾರ ಜೇಬಿನಲ್ಲಿ ಒಳ್ಳೆಯ ಕರವಸ್ತ್ರಗಳಿವೆ ಎಂದು ನೋಡಿದರೆ ಯಾರು ಹೆಚ್ಚು ತಪ್ಪು ಮಾಡುತ್ತಾರೆ ಎನ್ನುವುದು ಗೊತ್ತಾಗುತ್ತಿತ್ತು. ನನ್ನ ಹತ್ತಿರ ಧಾರಾಳವಾಗಿದ್ದವು.

ನಮ್ಮ ಮೇಲಧಿಕಾರಿ ಅಸಿಸ್ಟೆಂಟ್ ಎಂಜಿನಿಯರ್ ಶೇಷಗಿರಿರಾಯರು. ಮೈಸೂರಿನವರು, ದಪ್ಪ ಮೈ, ದೊಡ್ಡ ಗಂಟಲು, ಸದಾ ನಶ್ಯ. ಬೈಯುವಾಗಲೂ ನಗುತ್ತಲೇ ಬೈಯುತ್ತಿದ್ದುದರಿಂದ ಬೈಸಿಕೊಂಡವರಿಗೆ ಅದು ಮನೆಗೆ ಹೋಗಿ ಊಟಕ್ಕೆ ಕೂತಾಗಲೇ ತಿಳಿಯುತ್ತಿತ್ತು. ಅವರಿಗೆ ದೋಣಿಯ ಹುಚ್ಚು ಹಿಡಿದದ್ದು ಒಂದು ಬೆಲ್ಲದ ಕೊಪ್ಪರಿಗೆಯಿಂದ.

ಒಂದು ಕೆರೆಯ ಹೂಳು ಅಳೆಯಲು ಹೋಗಿದ್ದೆವು. ಅಲ್ಲಿಯ ಹರಿಗೋಲಿನ ಚರ್ಮ ಹರಿದು ದುರಸ್ತಿಗೆ ಹೋಗಿತ್ತು. ಕೆರೆ ಕೆಳಗಿನ ಆಲೆಮನೆಯವರು ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ಉರುಳಿಸಿಕೊಂಡು ಬಂದು, "ಕುಂತ್ಕಳಿ ಬುದ್ಧಿ, ನಾವು ಮಳೆಗಾಲ್ದಲ್ಲಿ ಇದ್ರಲ್ಲೇ ದಾಟದು" ಎಂದರು. ರಾಯರು ಕೂತರು. ಕೊಪ್ಪರಿಗೆ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು, ಅವರ ಬೆಂಡಿನ ಸೋಲಾ ಟೋಪಿ ಹಾರಿ ನೀರಿಗೆ ಬಿದ್ದು ಕೊಪ್ಪರಿಗೆಗಿಂತ ನೆಟ್ಟಗೆ ದಡದ ಕಡೆಗೆ ತೇಲಿಹೋಯಿತು. ಹಳೆಯ ಬೆಲ್ಲದ ಅಂಟು ಅವರ ಪ್ಯಾಂಟಿಗೆ ಹತ್ತಿ, ಇಳಿಯುವಾಗ ನಾವು ಇಬ್ಬರು ಹಿಡಿದು ಕೀಳಬೇಕಾಯಿತು. ಅಷ್ಟಾದರೂ ಅವರ ಕಣ್ಣಲ್ಲಿ ಬೆಳಕು. "ನೋಡಿದೆಯೇನಯ್ಯಾ ಮಾದೇವಪ್ಪ, ಕಬ್ಬಿಣ ತೇಲಿಬಿಡ್ತು! ಆಕಾರ ಅನ್ನೋದು ಎಂಥ ಮಾಯೆ ಕಣಯ್ಯ" ಎಂದರು. ಅಂದಿನಿಂದ ತೂಬು, ಸೇತುವೆ, ಸರ್ಕೀಟ್ ಬಂಗಲೆಗಳ ನಡುವೆ ನನ್ನ ಮೇಜಿನ ಮೇಲೆ ದೋಣಿಗಳೂ ಬರತೊಡಗಿದವು.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಒಂದು ದೊಡ್ಡ ಕೆರೆ. ಅದರ ಹಿನ್ನೀರಿನ ಆಚೆ ಒಂದು ಪುಟ್ಟ ಊರು, ನಾವು ಅದನ್ನು ಆಚೆಪುರ ಎನ್ನುತ್ತಿದ್ದೆವು. ಬೇಸಿಗೆಯಲ್ಲಿ ಕೆರೆಯಂಗಳದಲ್ಲೇ ನಡೆದು ಹೋಗಬಹುದು. ಮಳೆ ಬಿದ್ದು ಕೆರೆ ತುಂಬಿದರೆ ಒಂದು ಕಡೆ ಕೋಡಿ ಹರಿದು ದಾರಿ ಕಡಿಯುತ್ತದೆ, ಇನ್ನೊಂದು ಕಡೆ ಎರೆಮಣ್ಣಿನಲ್ಲಿ ಗಾಡಿ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಆಗ ಉಳಿಯುವುದು ಹರಿಗೋಲು ಮಾತ್ರ. ಹರಿಗೋಲು ನೋಡದವರಿಗೆ ಹೇಳಬೇಕೆಂದರೆ, ಅದು ಬಿದಿರಿನ ದೊಡ್ಡ ಗುಂಡು ಬುಟ್ಟಿ, ಹೊರಗೆ ಎಮ್ಮೆ ಚರ್ಮ ಹೊದಿಸಿರುತ್ತಾರೆ. ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. ಹುಟ್ಟು ಹಾಕಿದಂತೆಲ್ಲ ತಿರುಗುತ್ತ ತಿರುಗುತ್ತ ಹೋಗುತ್ತದೆ.

ಆ ಹರಿಗೋಲಿನವನು ರಂಗಯ್ಯ, ಆಚೆಪುರದವನೇ. ಈಚೆ ದಡದ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ ಏಲಿಯಮ್ಮ, ಘಟ್ಟದ ಕೆಳಗಿನ ಮಲಯಾಳಿ ಹೆಂಗಸು. ದೋಣಿಗಳ ನಾಡಿನಲ್ಲೇ ಹುಟ್ಟಿ ಬೆಳೆದವರು. ಆದರೆ ನಮ್ಮ ಹರಿಗೋಲಿನಲ್ಲಿ ಕೂತರೆ ಅವರಿಗೆ ತಲೆ ಸುತ್ತಿ, ವಾಂತಿಯಾಗಿ, ಕೈ ಗಡಗಡ ನಡುಗುತ್ತಿತ್ತು. ಹಿಂದಿನ ವರ್ಷ ರಂಗಯ್ಯನ ಹೆಂಡತಿ ಕೆಂಪಮ್ಮನ ಹೆರಿಗೆಗೆ ಹೋದವರು ಆಚೆ ದಡದಲ್ಲಿ ಇಳಿದು, ಭೂಮಿ ನಿಲ್ಲುವವರೆಗೆ ಜಗಲಿಯ ಮೇಲೆ ಮಲಗಬೇಕಾಯಿತು. ಅವರು ಏಳುವ ಹೊತ್ತಿಗೆ ಮಗು ಹೋಗಿತ್ತು. ಕೆಂಪಮ್ಮನಿಗೆ ಅದು ಎರಡನೆಯ ಸಲ.

ಈ ಸಲ ಕೆಂಪಮ್ಮ ಮತ್ತೆ ಬಸುರಿ, ದಿನ ತುಂಬುವುದು ಕೆರೆ ತುಂಬುವ ಕಾಲಕ್ಕೆ ಸರಿಯಾಗಿ. ಮೊದಲೇ ಈಚೆ ದಡಕ್ಕೆ ಕರೆದುಕೊಂಡು ಬರಬಹುದಲ್ಲ ಎಂದರೆ, ನೀರಿದ್ದರೂ ಬತ್ತಿದರೂ ಬಸುರಿ ಹೆಂಗಸು ಕೆರೆ ದಾಟಬಾರದು ಎಂಬುದು ಆ ಮನೆಯ ಕಟ್ಟಳೆ. ಹರಿಗೋಲಿನವನ ಮನೆಯಲ್ಲೇ ಅದನ್ನು ಮುರಿಯಲು ರಂಗಯ್ಯನ ತಾಯಿ ಒಪ್ಪಲಿಲ್ಲ. ಏಲಿಯಮ್ಮನವರು ನೇರವಾಗಿ ನಮ್ಮ ಕಚೇರಿಗೇ ಬಂದು ರಾಯರ ಮುಂದೆ ನಿಂತರು.

"ಸಾರ್, ನನಗೆ ಭಯ ಇಲ್ಲ. ಆ ಬುಟ್ಟಿ ತಿರುಗ್ತದೆ, ನನ್ನ ಕೈ ನಡುಗ್ತದೆ. ಕೈ ನಡುಗುವ ನರ್ಸು ಹೋಗಿ ಏನು ಮಾಡೋದು? ತಿರುಗದ ಒಂದು ದೋಣಿ ಮಾಡಿ ಕೊಡಿ. ಇಲ್ಲದಿದ್ರೆ ಬೇರೆ ಯಾರನ್ನಾದರೂ ಇಲ್ಲಿಗೆ ಹಾಕಿಸಿ, ನಾನು ಹೋಗ್ತೇನೆ."

ಕೆರೆ ಅಳೆಯಲು ಇಲಾಖೆಗೆ ಹೇಗೂ ಒಂದು ದೋಣಿ ಬೇಕು ಎಂದು ರಾಯರು ಕಾರಣ ಹುಡುಕಿಕೊಂಡರು. ನನ್ನನ್ನು ಕರೆದು, "ಮಾದೇವಪ್ಪ, ಚೆನ್ನಾಗಿರೋ ಒಂದು ದೋಣಿ ಬರಿ" ಎಂದರು. ಹೇಳಬೇಕಾದ ಮಾತೆಂದರೆ, ರಾಯರೂ ಸಮುದ್ರ ನೋಡಿದವರಲ್ಲ, ನಾನೂ ನೋಡಿದವನಲ್ಲ.

ಏಲಿಯಮ್ಮನವರು ಡಿಸ್ಪೆನ್ಸರಿಯ ನೆಲದ ಮೇಲೆ ಇದ್ದಿಲಿನಲ್ಲಿ ತಮ್ಮೂರಿನ ದೋಣಿ ಬರೆದು ತೋರಿಸಿದರು. ಉದ್ದ, ಕಿರಿದು, ಎರಡೂ ತುದಿ ಮೇಲಕ್ಕೆ ಬಾಗಿ ಚೂಪಾಗಿದ್ದವು. ಆ ಬಾಗು ನೋಡಿ ನನಗೆ ಊಟ ಸೇರದೆ ಹೋಯಿತು. ಅದುವರೆಗೆ ನಾನು ಎಳೆದದ್ದೆಲ್ಲ ಗೋಡೆ, ಕಂಬ, ತೂಬಿನ ಬಾಯಿ. ಒಂದೇ ಗೆರೆ ಹೊರಟ ಕಡೆಯಿಂದ ಉಸಿರು ಬಿಡದೆ ಆ ತುದಿ ಮುಟ್ಟುವಂಥದ್ದು ನನ್ನ ಕೈಗೆ ಬಂದೇ ಇರಲಿಲ್ಲ. ಬರೆದೆ, ಅಳಿಸಿದೆ, ಬರೆದೆ. ಆ ತಿಂಗಳು ನನ್ನ ಮನೆಯಲ್ಲಿ ಕರವಸ್ತ್ರಗಳ ಸುಗ್ಗಿ.

ಕಟ್ಟಲು ಸಿಕ್ಕವರು ಗುಂಡ್ಲುಪೇಟೆಯ ಗಾಡಿ ಬಡಗಿ ಪುಟ್ಟಾಚಾರಿ. ಹಂಗಳದ ಕಡೆಯ ರೈತರೂ ಅವರ ಗಾಡಿಗಾಗಿ ಕಾಯುತ್ತಿದ್ದರು. ಮುಂಗೋಪಿ, ಬಡಾಯಿ, ಬಂಗಾರದ ಕೈ. ನಕ್ಷೆಯನ್ನು ತಲೆಕೆಳಗೆ ಹಿಡಿದು ನೋಡಿ, "ಚಕ್ರ ಎಲ್ಲಿ ಸೋಮಿ?" ಎಂದು ಕೇಳಿದರು. ಗೇಲಿಯೋ ನಿಜವೋ ನನಗೆ ತಿಳಿಯಲಿಲ್ಲ. ಆದರೆ ಕೆಲಸ ಹಿಡಿದ ಮೇಲೆ ಬಿಡಲಿಲ್ಲ. ವರ್ಷಗಟ್ಟಲೆ ಒಣಗಿಸಿ ಇಟ್ಟಿದ್ದ ಹೊನ್ನೆ ಮರ ತೆಗೆದರು, ಹಲಗೆಗೆ ಹಲಗೆ ಕೂಡಿಸಿದರು. ನಾನು ಹೋಗಿ ಸಂದಿ ಎಲ್ಲಿದೆ ಎಂದು ಬೆರಳಾಡಿಸಿದೆ, ಸಿಗಲಿಲ್ಲ.

"ಇರುವೆ ಮೀಸೆ ತೂರ್ಸಕಾಯ್ತದಾ ನೋಡಿ" ಎಂದು ಅವರು ಎದೆ ಉಬ್ಬಿಸಿದರು. "ಗಾಡಿ ಕಟ್ದಂಗೇ ಕಟ್ಟಿವ್ನಿ. ಬಿಗಿ ಅಂದ್ರೆ ಇದು ಕಣ ಬಿಗಿ."

ಈರುಳ್ಳಿ ಲಾರಿಯ ಮೇಲೆ ದೋಣಿ ಕೆರೆಗೆ ಬಂತು. ಆಚೆಪುರದವರೂ ಈಚೆಯವರೂ ದಡದಲ್ಲಿ ನೆರೆದರು. ನನಗೆ ಹೆಮ್ಮೆಯಿಂದ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ರಂಗಯ್ಯ ಒಂದು ಸುತ್ತು ಹಾಕಿ ನೋಡಿ, ತುಟಿ ಸೊಟ್ಟ ಮಾಡಿದ.

"ಇದ್ಯಾಕ್ ಬುದ್ಧಿ ಇಂಗೆ ಮೂತಿ ಚೂಪಾಗದೆ? ಎಗ್ಗಣ ಇದ್ದಂಗದೆ."

"ಅದು ನೀರನ್ನ ಸೀಳೋದಕ್ಕೆ ಕಣೋ" ಎಂದರು ರಾಯರು.

"ನೀರ್ನ ಯಾಕ್ ಸೀಳ್ಬೇಕು ಬುದ್ಧಿ? ಅದೇನ್ ಮಾಡದೆ ನಮ್ಗೆ? ದೋಣಿ ಅಂದ್ರೆ ಗುಂಡಗೆ, ಮುದ್ದೆ ತಟ್ಟೆ ಇದ್ದಂಗೆ ಇರ್ಬೇಕು. ನೋಡುದ್ರೆ ಒಟ್ಟೆ ತುಂಬ್ಬೇಕು."

ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಚೆಂದ ಎನ್ನುವುದು ಎಲ್ಲರಿಗೂ ಒಂದೇ ಎಂದುಕೊಂಡಿದ್ದ ನನಗೆ ಅಂದು ಮೈ ಉರಿದುಹೋಯಿತು. ದೋಣಿ ಮಾತ್ರ ನೀರಿಗಿಳಿದು ನೆಟ್ಟಗೆ, ಮೌನವಾಗಿ ಹೋಯಿತು. ಏಲಿಯಮ್ಮನವರು ಕೂತು ಒಂದು ಸಣ್ಣ ಸುತ್ತು ಹೋಗಿ ಬಂದು, ನಗುತ್ತ ಇಳಿದರು. ನಾವು ಗೆದ್ದೆವು ಎಂದುಕೊಂಡು ದೋಣಿಯನ್ನು ದಡದ ಮರಕ್ಕೆ ಕಟ್ಟಿ ಬಂದೆವು.

ಮಾರನೆಯ ಮಧ್ಯಾಹ್ನದ ಹೊತ್ತಿಗೆ ಅದು ನರಳತೊಡಗಿತು. ಕಟ ಕಟ, ಕಿರ್ರ್ ಎಂದು ಸದ್ದು. ಒಣಗಿ ಮೂಳೆಯಾಗಿದ್ದ ಹೊನ್ನೆ ನೀರು ಕುಡಿದು ಊದಿಕೊಳ್ಳುತ್ತಿತ್ತು, ಊದಲು ಕೂದಲೆಳೆಯಷ್ಟೂ ಜಾಗ ಇರಲಿಲ್ಲ. ನಾವೆಲ್ಲ ನೋಡುತ್ತಿದ್ದಂತೆಯೇ ಒಂದು ಹಲಗೆ ಬಿಲ್ಲಿನಂತೆ ಎದ್ದು, ಪಟ್ಟೆಂದು ಬಿಟ್ಟುಕೊಂಡಿತು. ಅದರ ಹಿಂದೆ ಇನ್ನೊಂದು. ದೋಣಿ ಸಾವಕಾಶವಾಗಿ ಕೂತುಬಿಟ್ಟಿತು, ಚೂಪಾದ ಮೂತಿ ಮಾತ್ರ ನೀರಿನ ಮೇಲೆ. ಸಮುದ್ರ ಕಂಡ ಬಡಗಿಯಾದರೆ ಸಂದಿ ಬಿಟ್ಟು ಹತ್ತಿ ತುರುಕಿ ರಾಳ ಬಳಿಯುತ್ತಿದ್ದ. ಗಾಡಿ ಕಟ್ಟುವ ಸೀಮೆಯಲ್ಲಿ ಸಂದಿ ಬಿಡುವುದು ಎಂದರೆ ಮಾನ ಹೋದಂತೆ.

ಪುಟ್ಟಾಚಾರಿ ಮೊಣಕಾಲಿನವರೆಗೆ ನೀರಿಗಿಳಿದು ಕೆರೆಯನ್ನೇ ಬೈದರು. "ಅಷ್ಟ್ ಗಾಡಿ ಕಟ್ಟಿವ್ನಿ, ಒಂದ್ ಗಾಡಿನಾದ್ರೂ ಇಂಗೆ ನೀರ್ ಕುಡ್ದು ಒಟ್ಟೆ ಉಬ್ಬುರ್ಸ್ಕಂಡದಾ? ಇದ್ಯಾವ್ ಸೀಮೆ ಕೆಲ್ಸ ತಂದ್ರಿ ನಂಗೆ!" ರಾಯರು ನಗು ತಡೆಯಲಾರದೆ ನಶ್ಯದ ನೆಪದಲ್ಲಿ ಮುಖ ಮುಚ್ಚಿಕೊಂಡರು. ರಂಗಯ್ಯ ಮಾತ್ರ ನಗಲಿಲ್ಲ, ಮುಳುಗಿದ ದೋಣಿಯನ್ನೇ ನೋಡುತ್ತ ನಿಂತಿದ್ದ.

ಎರಡನೆಯ ದೋಣಿ ರಾಯರ ಸ್ವಂತ ಲೆಕ್ಕಾಚಾರ. ಉದ್ದ ಅಗಲ ಎರಡೂ ಒಂದೇ ಆದ ಚೌಕಾಕಾರದ ತಗಡಿನ ಪೆಟ್ಟಿಗೆ. "ಮೂಲೆ ಇದ್ದರೆ ತಿರುಗಲ್ಲ ಕಣಯ್ಯ" ಎಂದರು. ಅದನ್ನು ಟ್ರೇಸ್ ಮಾಡುವಾಗ ನನಗೆ ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಬರೆದಂತೆ ಆಗುತ್ತಿತ್ತು, ಬಾಯಿ ಬಿಟ್ಟು ಹೇಳಿದೆ ಕೂಡ. ಅದು ನಿಜಕ್ಕೂ ಅಷ್ಟಾಗಿ ತಿರುಗಲಿಲ್ಲ, ಆದರೆ ಹೋಗಲೂ ಇಲ್ಲ. ಗಾಳಿ ಬೀಸಿದ ಕಡೆಗೆ ಅಡ್ಡಡ್ಡ ಸರಿದು ಜೊಂಡಿನೊಳಗೆ ಸಿಕ್ಕಿಕೊಂಡಿತು. "ಇದು ಅದ್ಕೆ ಬೇಕಾದ್ ಕಡೀಗ್ ಓಯ್ತದೆ ಬುದ್ಧಿ, ನಾನ್ ಕೇಳುದ್ ಕಡೀಗ್ ಓಗಾಕಿಲ್ಲ" ಎಂದ ರಂಗಯ್ಯ. ಕೊನೆಗೆ ಅದನ್ನು ದಡದಲ್ಲಿ ಬೋರಲು ಹಾಕಿದರು. ಊರಿನವರು ಅದರ ಮೇಲೆ ಕೂತು ಚೌಕಾಬಾರ ಆಡತೊಡಗಿದರು. ನಮ್ಮ ಸಬ್ ಡಿವಿಷನ್‌ನಲ್ಲಿ ಅಷ್ಟು ಸುಖವಾದ ಜಗಲಿ ಇನ್ನೊಂದಿರಲಿಲ್ಲ.

ಇದೆಲ್ಲ ನಗೆಪಾಟಲಾಗಿ ನಡೆಯುತ್ತಿರುವಾಗಲೇ ಮಳೆ ಹಿಡಿಯಿತು, ಕೆರೆ ಏರುತ್ತ ಬಂತು. ಒಂದು ಬೆಳಗ್ಗೆ ರಂಗಯ್ಯ ಅಷ್ಟು ದೂರ ನಡೆದುಕೊಂಡು ಚಾಮರಾಜನಗರದ ಕಚೇರಿಗೆ ಬಂದ. ಒದ್ದೆ ಕಂಬಳಿ ಹೊದ್ದು ನನ್ನ ಮೇಜಿನ ಮುಂದೆ ನಿಂತ. ಹೆಗ್ಗಣ, ಮುದ್ದೆ ತಟ್ಟೆ ಎಂದು ಆಡಿಕೊಳ್ಳುತ್ತಿದ್ದ ಮನುಷ್ಯ ಅವನಲ್ಲ.

"ಮಾದೇವಪ್ನೋರೇ, ನಮ್ ಕೆಂಪಿ ರಾತ್ರಿಯೆಲ್ಲ ನಿದ್ದೆ ಮಾಡಕಿಲ್ಲ. ಎರ್ಡ್ ಸತಿ ಆಯ್ತು, ಮೂರ್ನೇದೂ ಅಂಗೇ ಆದ್ರೆ ಅವಳು ಉಳಿಯಾಕಿಲ್ಲ. ದೋಣಿ ಎಂಗಾದ್ರೂ ಇರ್ಲಿ, ಎಗ್ಗಣದಂಗಿರ್ಲಿ, ಕುಂಬ್ಳಕಾಯಂಗಿರ್ಲಿ. ನರ್ಸಮ್ಮಾರು ಕೈ ನಡುಗ್ದಂಗೆ ಬರ್ಬೇಕು. ಅಷ್ಟು ಮಾಡ್ಕೊಡಿ ಸೋಮಿ."

ಅವನು ಹೋದ ಮೇಲೆ ನನಗೆ ಕೆಲಸ ಹತ್ತಲಿಲ್ಲ. ಅಲ್ಲಿಯವರೆಗೆ ನಾನು ದೋಣಿ ಬರೆಯುತ್ತಿದ್ದದ್ದು ಗೆರೆಯ ಖುಷಿಗೆ. ಇನ್ನು ಮೇಲೆ ಆ ಖುಷಿ ಸಾಲದು ಎಂದು ಹೆದರಿಕೆಯಾಯಿತು. ರಾಯರಿಗೆ ಹೇಳಿದೆ. ಅವರು ಆ ದಿನವೇ ನನ್ನನ್ನು ಜೀಪು ಹತ್ತಿಸಿ, ದಾರಿಯಲ್ಲಿ ಪುಟ್ಟಾಚಾರಿಯನ್ನೂ ಎತ್ತಿ ಹಾಕಿಕೊಂಡು ಕೆರೆಯ ಹತ್ತಿರ ಕರೆದುಕೊಂಡು ಹೋದರು.

ದಡದಲ್ಲಿ ರಂಗಯ್ಯನ ಎರಡು ಹರಿಗೋಲುಗಳು ಪಕ್ಕಪಕ್ಕದಲ್ಲಿ ತೇಲುತ್ತಿದ್ದವು. ಪುಟ್ಟಾಚಾರಿಗೆ ಇನ್ನೂ ಮುಳುಗಿದ ದೋಣಿಯ ಸಿಟ್ಟು. ರಾಯರು ಯೋಚಿಸುತ್ತ ಶತಪಥ ತಿರುಗುವುದನ್ನು ನೋಡಿ ನೋಡಿ ಬೇಸತ್ತು ಆಚಾರಿ ಸಿಡುಕಿದರು.

"ನಮ್ಗೇನ್ ಗೊತ್ತದೆ ಸೋಮಿ ದೋಣಿ ವಿಚಾರ? ಒಂಟಿ ಎತ್ತು ಗಾಣ ಸುತ್ತದೆ, ಜೋಡಿ ಎತ್ತು ನೆಟ್ಗೆ ಓಯ್ತದೆ. ನಮ್ಗೆ ಗೊತ್ತಿರದು ಅಷ್ಟೆ. ಆ ಎರ್ಡ್ ಬುಟ್ಟಿಗೂ ನೊಗ ಹಾಕ್ಬುಡಿ, ಸರೋಯ್ತದೆ!"

ಅವರು ಹೇಳಿದ್ದು ಕುಹಕಕ್ಕೆ. ರಾಯರು ನಿಂತಲ್ಲೇ ನಿಂತರು. ನಶ್ಯದ ಚಿಟಿಕೆ ಮೂಗಿನ ಹತ್ತಿರ ಹೋಗಿ ಅಲ್ಲೇ ಉಳಿಯಿತು. "ಇನ್ನೊಂದು ಸಲ ಹೇಳಿ ಆಚಾರ್ರೇ" ಎಂದರು. ಪುಟ್ಟಾಚಾರಿ ತಾವೇನು ಹೇಳಿಬಿಟ್ಟೆವೋ ಎಂದು ಗಾಬರಿಯಾದರು.

ಅಲ್ಲಿಯೇ ಬೋರಲು ಬಿದ್ದಿದ್ದ ಚೌಕ ದೋಣಿಯ ಮೇಲೆ ಕೂತು ಮೂವರೂ ಜಗಳವಾಡುತ್ತ ಅದನ್ನು ಬರೆದೆವು. ಎರಡು ಹರಿಗೋಲು, ನಡುವೆ ಮೇಲಿಂದ ಹಾಯುವ ಎರಡು ತೊಲೆ, ತೊಲೆಗಳ ಮೇಲೆ ಗಾಡಿಯ ಹಾಸು, ಹಾಸಿನ ಮೇಲೆ ನರ್ಸಮ್ಮನವರ ಪೀಠ. ಒಂದು ಬುಟ್ಟಿ ತಿರುಗಲು ಹೊರಟರೆ ಇನ್ನೊಂದು ಅದನ್ನು ಹಿಡಿದು ನಿಲ್ಲಿಸುತ್ತದೆ. ನಾನು ತೊಲೆಗಳನ್ನು ಸುಮ್ಮನೆ ನೆಟ್ಟಗೆ ಎಳೆಯದೆ, ಎತ್ತಿನ ಕೊರಳ ಮೇಲೆ ಕೂರುವ ನೊಗದ ಹಾಗೆ ಎರಡು ಕಡೆ ಸಣ್ಣಗೆ ಬಾಗಿಸಿದೆ.

"ಈ ಬಾಗು ಯಾಕಯ್ಯ? ಭಾರ ತಡೆಯೋಕ್ಕೆ ಏನೂ ಸಹಾಯ ಆಗಲ್ಲ" ಎಂದರು ರಾಯರು.

"ಕಣ್ಣಿಗೆ ಬೇಕು ಸಾರ್."

ಅವರು ಬಾಗಿನ ಮೇಲೆ ಬೆರಳಾಡಿಸಿದರು. "ಇರಲಿ ಬಿಡು. ಕಣ್ಣೂ ಸರ್ಕಾರದ್ದೇ" ಎಂದರು.

ಪುಟ್ಟಾಚಾರಿ ಈ ಸಲ ಹೊನ್ನೆ ತೊಲೆಗಳನ್ನು ಕಲ್ಲು ಹೇರಿ ಕೆರೆಯಲ್ಲೇ ನೆನೆಹಾಕಿದರು. "ಎಷ್ಟ್ ಕುಡೀತಿಯೋ ಮೊದ್ಲೇ ಕುಡ್ಕೊ" ಎಂದು ಮರದೊಡನೆ ಮಾತಾಡಿದ್ದನ್ನು ನಾನೇ ಕೇಳಿದ್ದೇನೆ. ಒಂದು ಮೊಳೆ ಹೊಡೆಯಲಿಲ್ಲ. ಕತ್ತಾಳೆ ಹಗ್ಗದಲ್ಲಿ, ಅಲೆಗೆ ಸ್ವಲ್ಪ ಅಲುಗಾಡುವ ಹಾಗೆ ಸಡಿಲವಾಗಿ ಕಟ್ಟಿದರು. ಜನ್ಮವೆಲ್ಲ ಬಿಗಿ ಬಿಗಿ ಎಂದವರು ಸಡಿಲ ಬಿಡುವಾಗ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಪರಿಹಾರವಾಗಿ ಅಲಂಕಾರದಲ್ಲಿ ಕೈ ಬಿಚ್ಚಿದರು. ನೊಗದ ತುದಿಗಳಿಗೆ ಎತ್ತಿನ ಕೊಂಬಿಗೆ ಹಾಕುವ ಹಿತ್ತಾಳೆಯ ಗೊಣಸು, ಹಾಸಿನ ಅಂಚಿಗೆ ಬಳ್ಳಿಯ ಕೆತ್ತನೆ, ಮೇಲೆ ಬಿದಿರು ಚಾಪೆಯ ಕಮಾನು. ದೂರದಿಂದ ನೋಡಿದರೆ ಮದುವೆಗೆ ಹೊರಟ ಕಮಾನು ಗಾಡಿಯೊಂದು ಚಕ್ರ ಮರೆತು ಎರಡು ಬುಟ್ಟಿಗಳ ಮೇಲೆ ಕೂತುಬಿಟ್ಟಂತಿತ್ತು.

ಕಮಾನು ಬೇಡ, ಗಾಳಿ ಹಿಡಿಯುತ್ತದೆ ಎಂದು ರಾಯರು ಹಟ ಹಿಡಿದರು. ಏಲಿಯಮ್ಮನವರು, "ಇರಲಿ ಸಾರ್, ನೀರು ಕಾಣದಿದ್ರೇ ನನಗೆ ಒಳ್ಳೇದು" ಎಂದರು. ನಾನೂ ಪುಟ್ಟಾಚಾರಿಯೂ ಕಮಾನಿಲ್ಲದಿದ್ದರೆ ಅದು ತಲೆ ಬೋಳಿಸಿದಂತೆ ಕಾಣುತ್ತದೆ ಎಂದು ಪಟ್ಟು ಹಿಡಿದೆವು. ಒಂದಕ್ಕೆ ಮೂರು ಓಟಿನಿಂದ ಕಮಾನು ಗೆದ್ದಿತು. ರಂಗಯ್ಯ ಈ ಸಲ ಚೆಂದದ ವಿಷಯ ಎತ್ತಲಿಲ್ಲ. ನೊಗವನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡ.

ಹೆಚ್ಚು ದಿನ ಕಾಯಬೇಕಾಗಲಿಲ್ಲ. ಹೆರಿಗೆ ನೋವು ಬಂದರೆ ಆಚೆ ದಡದ ಹುಣಸೆಮರಕ್ಕೆ ಬಿಳಿ ಪಂಚೆ ಕಟ್ಟಬೇಕು ಎಂದು ಮಾತಾಗಿತ್ತು. ಒಂದು ಬೆಳಗ್ಗೆ ನಾವು ತೂಬಿನ ಅಳತೆಗೆಂದು ಅಲ್ಲೇ ಇದ್ದಾಗ ಪಂಚೆ ಕಾಣಿಸಿತು. ದೋಣಿ ಕಾದುಕೊಂಡು ಈಚೆ ದಡದಲ್ಲೇ ಇದ್ದ ರಂಗಯ್ಯ ಒಂದು ಬುಟ್ಟಿಯಲ್ಲಿ ಹುಟ್ಟು ಹಿಡಿದು ನಿಂತ, ಅವನ ತಮ್ಮ ಇನ್ನೊಂದರಲ್ಲಿ. ಏಲಿಯಮ್ಮನವರು ಚೀಲ ಎದೆಗೆ ಅವುಚಿಕೊಂಡು ಕಮಾನಿನೊಳಗೆ ಕೂತರು. ದೋಣಿಯ ನಡೆ ನೋಡಿಕೊಂಡು ಬಾ ಎಂದು ರಾಯರು ನನ್ನನ್ನೂ ಹತ್ತಿಸಿದರು. ನನಗೆ ಈಜು ಬರುವುದಿಲ್ಲ ಎನ್ನುವುದು ನೀರು ಆಳವಾದ ಮೇಲೆ ನೆನಪಾಯಿತು.

ಅರ್ಧ ದಾರಿ ಚೆನ್ನಾಗಿ ನಡೆಯಿತು. ದೋಣಿ ತಿರುಗಲಿಲ್ಲ, ನಿಜವಾದ ಜೋಡೆತ್ತಿನ ಹಾಗೆ ಹೋಯಿತು. ಆಮೇಲೆ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ನಮ್ಮ ಕಮಾನು ಹೊಟ್ಟೆ ಉಬ್ಬಿಸಿ ಗಾಳಿಯನ್ನೆಲ್ಲ ಹಿಡಿದುಕೊಂಡಿತು. ದೋಣಿ ಅಡ್ಡ ಸರಿಯಿತು, ಒಂದು ಬುಟ್ಟಿ ಎದ್ದು ಇನ್ನೊಂದು ಅಂಚಿನವರೆಗೆ ಕುಸಿಯಿತು. ರಂಗಯ್ಯ ಕೂಗಿದ.

"ಮಾದೇವಪ್ನೋರೇ, ಚಾಪೆ ಬಿಚ್ಚಾಕಿ! ಬಿಚ್ಚಾಕಿ ಅಂತೀನಿ!"

ನಾನು ಹಗ್ಗ ಎಳೆದೆ. ಕಮಾನು ಒಮ್ಮೆಗೇ ಕಿತ್ತು ಹಾರಿ, ದೊಡ್ಡ ಕೊಕ್ಕರೆಯ ಹಾಗೆ ಸ್ವಲ್ಪ ದೂರ ಹೋಗಿ ನೀರಿಗೆ ಬಿತ್ತು. ದೋಣಿ ಸಮವಾಯಿತು. ಏಲಿಯಮ್ಮನವರು ಕಣ್ಣು ಬಿಗಿಯಾಗಿ ಮುಚ್ಚಿ, "ಎಂಡೆ ಅಮ್ಮೋ" ಎಂದು ತಮ್ಮ ಮಲಯಾಳದಲ್ಲಿ ಅಮ್ಮನನ್ನು ಕರೆಯುತ್ತ ಬಯಲಲ್ಲಿ ಕೂತಿದ್ದರು.

"ಅಮ್ಮಾ, ದೋಣಿ ತಿರುಗ್ತಾ ಇಲ್ಲ" ಎಂದೆ.

ಅವರು ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. ಗಾಳಿ ಬಂದ ಹಾಗೇ ಇಳಿದುಹೋಗಿತ್ತು. ಮಳೆ ತೊಳೆದ ಬೆಟ್ಟದ ಸಾಲು ನೀರಿನಲ್ಲಿ ತಲೆಕೆಳಗಾಗಿ ಬಿದ್ದಿತ್ತು, ತಾವರೆ ಎಲೆಗಳ ಮೇಲೆ ಹಕ್ಕಿಗಳು ನಡೆದಾಡುತ್ತಿದ್ದವು, ಆಚೆಪುರದ ಹೆಂಚುಗಳ ಮೇಲೆ ಎಳೆಬಿಸಿಲು. ಅವರು ಆ ಕಡೆ ನೋಡಿದರು, ಈ ಕಡೆ ನೋಡಿದರು.

"ಇಷ್ಟು ಚೆಂದ ಇತ್ತಾ ಈ ಕೆರೆ?" ಎಂದರು. "ಇಷ್ಟು ಸಲ ದಾಟಿದೆ, ನಾನು ನೋಡಿಯೇ ಇಲ್ಲ."

ಆ ಮಾತು ನನ್ನ ಎದೆಗೆ ನಾಟಿತು. ದಡದಲ್ಲಿ ನಿಂತವರಿಗೆ ದೋಣಿ ಹೇಗೆ ಕಾಣುತ್ತದೆ ಎಂದು ಅಷ್ಟು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಒಳಗೆ ಕೂತವರಿಗೆ ಏನು ಕಾಣುತ್ತದೆ ಎಂದು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಹೊಸ ಹುಡುಗರೇ, ಕೆಲಸದ ವಿಷಯ ನಾನು ಹೇಳಬೇಕಾದದ್ದು ಇಷ್ಟೇ. ಆಮೇಲೆ ನಾನು ಬರೆದ ಪ್ರತಿ ಬಂಗಲೆಯಲ್ಲೂ ಮೊದಲು ಕುರ್ಚಿ ಹಾಕಿ, ಅಲ್ಲಿಂದ ಕಿಟಕಿ ಬರೆದಿದ್ದೇನೆ.

ಆಚೆ ದಡದಲ್ಲಿ ಏಲಿಯಮ್ಮನವರು ಇಳಿದವರೇ ನೆಟ್ಟಗೆ ನಡೆದು ಮನೆಯೊಳಗೆ ಹೋದರು. ರಂಗಯ್ಯ ಬಾಗಿಲ ಹತ್ತಿರವೂ ಹೋಗಲಿಲ್ಲ, ಹುಟ್ಟನ್ನು ಹಿಡಿದುಕೊಂಡೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತ. ಯಾರೋ ಕೊಟ್ಟ ಅಂಬಲಿ ನನ್ನ ಕೈಯಲ್ಲೇ ಆರಿತು. ಒಳಗಿಂದ ಕೆಂಪಮ್ಮನ ಕೂಗು ಬಂದಾಗಲೆಲ್ಲ ಅವನು ಹುಟ್ಟಿನ ಹಿಡಿಯನ್ನು ತಿರುವುತ್ತಿದ್ದ. ಬಿಸಿಲು ಅಂಗಳದ ಅರ್ಧಕ್ಕೆ ಬಂದಾಗ, ಒಳಗಿಂದ ಮಗುವಿನ ಅಳು ಕೇಳಿಸಿತು. ತೆಳ್ಳಗಿನ ಅಳುವಲ್ಲ, ಊರನ್ನೇ ಬೈಯುವಂಥ ಅಳು.

ಏಲಿಯಮ್ಮನವರು ಹೊರಗೆ ಬಂದು, ತೊಳೆದ ಎರಡು ಕೈಗಳನ್ನು ರಂಗಯ್ಯನ ಮುಂದೆ ಚಾಚಿ ಹಿಡಿದರು.

"ನೋಡು ರಂಗಯ್ಯ, ನಡುಗಿಲ್ಲ. ಹೆಣ್ಣು ಮಗು. ಕೆಂಪಮ್ಮನೂ ಚೆನ್ನಾಗಿದ್ದಾಳೆ, ಹಸಿವು ಅಂತಾಳೆ."

ರಂಗಯ್ಯ ಆ ಕೈಗಳನ್ನು ನೋಡಿದ, ಮುಟ್ಟಲು ಹೋಗಿ ನಾಚಿಕೊಂಡ, ಒಳಗೆ ಓಡಿದ. ನಾನು ಅತ್ತೆ. ಅಳಲು ನನಗೆ ಸಂಬಂಧವೇನು ಎಂದು ಕೇಳಬೇಡಿ, ಅತ್ತೆ ಅಷ್ಟೇ. ನನ್ನ ಕರವಸ್ತ್ರವನ್ನು ಏಲಿಯಮ್ಮನವರು ಕಸಿದುಕೊಂಡು ತಮ್ಮ ಕಣ್ಣನ್ನೂ ಒರೆಸಿಕೊಂಡರು.

ಹೊತ್ತು ಇಳಿಯುವ ಮುಂಚೆ ರಂಗಯ್ಯ ನಮ್ಮನ್ನು ಈಚೆ ದಡಕ್ಕೆ ತಂದು ಬಿಟ್ಟ. ಅವನ ತಮ್ಮ ಬಾಣಂತಿಯ ಮನೆ ಕೆಲಸಕ್ಕೆ ಅಲ್ಲೇ ಉಳಿದಿದ್ದರಿಂದ ಇನ್ನೊಂದು ಬುಟ್ಟಿಯಲ್ಲಿ ನಾನೇ ಹುಟ್ಟು ಹಾಕಿದೆ, ಹೇಗೆ ಹಾಕಿದೆ ಎಂದು ಕೇಳಬೇಡಿ. ದಡದಲ್ಲಿ ರಾಯರೂ, ಸುದ್ದಿ ಕೇಳಿ ಗುಂಡ್ಲುಪೇಟೆಯಿಂದ ಬಂದಿದ್ದ ಪುಟ್ಟಾಚಾರಿಯೂ ಊಟವನ್ನೂ ಮಾಡದೆ ಕಾಯುತ್ತಿದ್ದರು. "ಎಣ್ಮಗ ಬುದ್ಧಿ! ಎಣ್ಮಗ ಕಣ ಆಚಾರ್ರೇ!" ಎಂದು ರಂಗಯ್ಯ ನೀರಿನಿಂದಲೇ ಕೂಗಿದ. ಪುಟ್ಟಾಚಾರಿ ತಲೆಯ ವಸ್ತ್ರ ಬಿಚ್ಚಿ ಗಾಳಿಗೆ ಎಸೆದರು. ರಾಯರು ನಶ್ಯದ ಡಬ್ಬಿಯನ್ನೇ ಅವನ ಕೈಗೆ ಕೊಟ್ಟುಬಿಟ್ಟರು.

ರಂಗಯ್ಯ ಮನೆಗೆ ಹೊರಟು ಜೋಡಿ ದೋಣಿ ಹತ್ತಿದ. ದಡ ಬಿಟ್ಟು ಸ್ವಲ್ಪ ಹೋದವನು ಹುಟ್ಟನ್ನು ಜೋರಾಗಿ ಎಳೆದ, ಅಡ್ಡಕ್ಕೆ ಎಳೆದ, ಮೈ ತಿರುಚಿ ಎಳೆದ. ದೋಣಿ ಗಂಭೀರವಾಗಿ ನೆಟ್ಟಗೇ ನಿಂತಿತ್ತು. ಅವನು ತಿರುಗಿ ನಮ್ಮ ಕಡೆ ಕೂಗಿದ.

"ಬುದ್ಧಿ, ಇದು ತಿರುಗಾಕಿಲ್ಲ ಅಂತದೆ!"

"ತಿರುಗಬಾರದು ಅಂತಲೇ ಅಲ್ಲವೇನೋ ಮಾಡಿದ್ದು!" ಎಂದರು ರಾಯರು.

"ಇವತ್ತು ತಿರುಗ್ಬೇಕು ಕಣ ಬುದ್ಧಿ!"

ನಾವು ನೋಡುತ್ತಿದ್ದಂತೆಯೇ ಅವನು ವಾಪಸು ಬಂದು ಕತ್ತಾಳೆ ಹಗ್ಗದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದ. ನಮ್ಮ ನೊಗ, 'ಕಣ್ಣಿಗೆ ಬೇಕು' ಎಂದು ನಾನು ಹಾಕಿದ ಬಾಗು, ಹಿತ್ತಾಳೆ ಗೊಣಸು, ಎಲ್ಲವನ್ನೂ ಭದ್ರವಾಗಿ ದಡಕ್ಕೆ ಎತ್ತಿಟ್ಟು, "ನಾಳಿಕ್ ಬಂದು ನಾನೇ ಕಟ್ತೀನಿ" ಎಂದ. ಆಮೇಲೆ ಒಂದೇ ಬುಟ್ಟಿಗೆ ಹಾರಿ ಹುಟ್ಟು ಹಾಕಿದ. ಹರಿಗೋಲು ತಿರುಗಿತು. ತಿರುಗುತ್ತ ತಿರುಗುತ್ತ, ನೀರನ್ನು ಸುತ್ತಲೂ ಚಿಮ್ಮಿಸುತ್ತ, ಇಳಿಬಿಸಿಲಿನ ಕೆರೆಯ ನಡುವೆ ಹೊರಟಿತು. ಅದರೊಳಗೆ ನಿಂತ ರಂಗಯ್ಯ ಎರಡು ಕೈ ಎತ್ತಿ, ಯಾವ ರಾಗವೂ ಇಲ್ಲದೆ ಹಾಡುತ್ತಿದ್ದ. ಅವನ ಹಾಡು ಒಮ್ಮೆ ನಮ್ಮ ಕಡೆಗೆ ಬರುತ್ತಿತ್ತು, ಒಮ್ಮೆ ಆಚೆಪುರದ ಕಡೆಗೆ.

"ಅಯ್ಯೋ, ನೋಡಿದರೇ ತಲೆ ಸುತ್ತುತ್ತದೆ" ಎಂದರು ಏಲಿಯಮ್ಮ. ಕಣ್ಣು ಮಾತ್ರ ಮುಚ್ಚಲಿಲ್ಲ.

ರಾಯರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೆಲ್ಲಗೆ ಹೇಳಿದರು.

"ಅದು ಕಣಯ್ಯ ಚೆಂದ. ಅದನ್ನ ಬರ್ಕೊ ಮಾದೇವಪ್ಪ."

ನಾನು ಪೆನ್ಸಿಲ್ ತೆಗೆದೆ, ಹಾಳೆಯ ಮೇಲೆ ಇಟ್ಟೆ, ಮತ್ತೆ ಜೇಬಿಗೆ ಹಾಕಿಕೊಂಡೆ.

"ಆಗಲ್ಲ ಸಾರ್" ಎಂದೆ. "ಅದು ನಿಲ್ಲಲ್ಲ."